ಅದು ಕ್ಲಾಸಿನದು, ಇದು ಆಫೀಸಿನದು

ಬೇಸಿಗೆ ಕಾರ್ಯಕ್ರಮದ ಕೊನೆಯ ದಿನ. ಇಡೀ ಬೇಸಿಗೆ ಸಂಸ್ಥೆಯೊಂದರಲ್ಲಿ ಇಂಟರ್ನ್‌ಶಿಪ್ ಮಾಡಿ, ಅದರ ಜೊತೆಜೊತೆಗೇ ವಿಶ್ವವಿದ್ಯಾಲಯದಲ್ಲಿ ಒಂದು ಕೋರ್ಸನ್ನೂ ಮುಗಿಸಿದ ಹುಡುಗ ಹನ್ನೆರಡು ನಿಮಿಷ ತಡವರಿಸದೆ ಮಾತಾಡುತ್ತಾನೆ. ಸ್ಲೈಡುಗಳು ಅಚ್ಚುಕಟ್ಟಾಗಿವೆ. ಸಂಸ್ಥೆಯ ರಚನೆ, ತಾನು ಮಾಡಿದ ಕೆಲಸ, ಕಲಿತ ಸಾಫ್ಟ್‌ವೇರು, ಕೊನೆಗೆ ಧನ್ಯವಾದ. ಮುಂದಿನ ಸಾಲಿನಲ್ಲಿ ಕುಳಿತ ಅಧ್ಯಾಪಕರು ಒಂದೇ ಪ್ರಶ್ನೆ ಕೇಳುತ್ತಾರೆ: "ಕೋರ್ಸಿನಲ್ಲಿ ಓದಿದ್ದು ಏನಾದರೂ ಅಲ್ಲಿ ಕಣ್ಣಿಗೆ ಬಿತ್ತೇನಪ್ಪಾ?" ಹುಡುಗ ಯೋಚಿಸುತ್ತಾನೆ. ಸುಳ್ಳು ಹೇಳುವ ಸ್ವಭಾವದವನಲ್ಲ. "ಅದು ಕ್ಲಾಸಿಂದು ಸಾರ್, ಇದು ಆಫೀಸಿಂದು" ಅನ್ನುತ್ತಾನೆ.

ಈ ಉತ್ತರಕ್ಕೆ ಹುಡುಗನನ್ನು ಬೈಯುವುದು ತಪ್ಪು. ಕಾರ್ಯಕ್ರಮ ಹೇಗೆ ನಡೆಯಿತೋ ಅದನ್ನೇ ಅವನು ಹೇಳಿದ್ದಾನೆ. ಇಂಟರ್ನ್‌ಶಿಪ್ ಹುಡುಕಿಕೊಟ್ಟದ್ದು ಪ್ಲೇಸ್‌ಮೆಂಟ್ ವಿಭಾಗ, ಕೋರ್ಸು ಕೊಟ್ಟದ್ದು ಇನ್ಯಾವುದೋ ವಿಭಾಗ, ಎರಡೂ ಒಂದೇ ವೇಳಾಪಟ್ಟಿಯಲ್ಲಿ ಅಕ್ಕಪಕ್ಕ ಕೂತಿದ್ದವು, ಅಷ್ಟೆ. ಕೆಲಸವನ್ನೂ ಓದನ್ನೂ ಒಂದೇ ಬೇಸಿಗೆಯಲ್ಲಿ ಇಟ್ಟರೆ ಅವು ತಾವಾಗಿಯೇ ಬೆಸೆದುಕೊಳ್ಳುತ್ತವೆ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಬೆಸೆದುಕೊಳ್ಳುವುದಿಲ್ಲ. ಆ ಬೆಸುಗೆಯನ್ನು ಯಾರೋ ಒಬ್ಬರು ಕೂತು ಮಾಡಬೇಕು. ಅದಕ್ಕೆ ವಾರದಲ್ಲಿ ಇಂತಿಷ್ಟು ಗಂಟೆ ಎಂದು ಮೀಸಲಿಡಬೇಕು. ಅದು ಅವರ ಬೋಧನೆಯ ಹೊರೆಯ ಲೆಕ್ಕಕ್ಕೆ ಸೇರಬೇಕು. ಈ ಬರಹ ಆ ಬೆಸುಗೆ ಎಲ್ಲೆಲ್ಲಿ ಬೇಕು, ಎಷ್ಟು ಹೊತ್ತು ಬೇಡುತ್ತದೆ, ಎಲ್ಲಿ ಬಿಟ್ಟುಹೋಗುತ್ತದೆ ಎಂಬುದರ ಬಗ್ಗೆ.

ಹಾಗೆ ನೋಡಿದರೆ ಇದು ಹೊಸ ಮಾತೇನಲ್ಲ. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಎಂಬ ಅಧ್ಯಾಪಕರು 27 ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಇಂಥ ಪದ್ಧತಿ ಶುರು ಮಾಡಿದಾಗ ಒಂದು ವಾರ ಕಾರ್ಖಾನೆ, ಒಂದು ವಾರ ತರಗತಿ ಎಂದು ಸರದಿ ಇಟ್ಟಿದ್ದರು. ಆ ಪದ್ಧತಿಯಲ್ಲಿ ಬೆಳೆದುಬಂದ ಮುಖ್ಯ ಹುದ್ದೆ ಕೋಆರ್ಡಿನೇಟರ್‌ನದು. ಕಾರ್ಖಾನೆಗೆ ಹೋಗಿ ಹುಡುಗರ ಕೆಲಸ ನೋಡಿಕೊಂಡು ಬಂದು, ಅದನ್ನು ತರಗತಿಯ ಪಾಠಕ್ಕೆ ಜೋಡಿಸುವುದೇ ಅವರ ಕೆಲಸ. 1909ರಲ್ಲಿ ನಾರ್ತ್‌ಈಸ್ಟರ್ನ್, 1957ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯಗಳು ಇದೇ ದಾರಿ ಹಿಡಿದವು. ಇವತ್ತು ಕೋಆರ್ಡಿನೇಟರ್ ಎಂಬ ಹೆಸರು ಎಲ್ಲ ಕಡೆ ಉಳಿದಿದೆ, ಆದರೆ ಬಹಳಷ್ಟು ಕಡೆ ಆ ಹೆಸರಿನವರು ಪತ್ರ ಕಳಿಸುವುದು, ಹಾಜರಾತಿ ತರಿಸುವುದು, ಸರ್ಟಿಫಿಕೇಟ್ ಹಂಚುವುದರಲ್ಲೇ ಸುಸ್ತಾಗುತ್ತಾರೆ. ಜೋಡಿಸುವ ಕೆಲಸಕ್ಕೆ ಯಾರೂ ಇಲ್ಲ.

ಮೊದಲು ಗಂಟೆಗಳ ಲೆಕ್ಕ

ಕಾರ್ಯಕ್ರಮ ಕೆಡುವುದು ಬಹುತೇಕ ಈ ಲೆಕ್ಕದಲ್ಲಿಯೇ. ಸೆಮಿಸ್ಟರಿನ ಹಳೆಯ ರೂಢಿಯಂತೆ ಒಂದು ಕ್ರೆಡಿಟ್ ಅಂದರೆ ವಾರಕ್ಕೆ ಒಂದು ಗಂಟೆ ಪಾಠ, ಎರಡು ಗಂಟೆ ಸ್ವಂತ ಓದು, ಹೀಗೆ 15 ವಾರ. ಮೂರು ಕ್ರೆಡಿಟ್ಟಿನ ಕೋರ್ಸಿಗೆ 45 ಗಂಟೆ ತರಗತಿ, 90 ಗಂಟೆ ಹೊರಗಿನ ಕೆಲಸ, ಒಟ್ಟು 135. ಯುರೋಪಿನ ಕ್ರೆಡಿಟ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆ ಎಂದು ಲೆಕ್ಕ. ಭಾರತದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು 30 ಗಂಟೆ ಎನ್ನುತ್ತದೆ. ಯಾವ ಪದ್ಧತಿ ಹಿಡಿದರೂ ಬೇಸಿಗೆಯಲ್ಲಿ ವಾರಗಳು ಕಡಿಮೆಯಾಗುತ್ತವೆಯೇ ಹೊರತು ಗಂಟೆಗಳು ಕಡಿಮೆಯಾಗುವುದಿಲ್ಲ. 135 ಗಂಟೆಯನ್ನು ಎಂಟು ವಾರಕ್ಕೆ ಹಂಚಿದರೆ ವಾರಕ್ಕೆ ಹತ್ತಿರ ಹತ್ತಿರ 17 ಗಂಟೆ.

ಈಗ ಬ್ರೋಷರಿನಲ್ಲಿ ಚೆಂದ ಕಾಣುವ ಒಂದು ಯೋಜನೆ ತೆಗೆದುಕೊಳ್ಳಿ: ಎಂಟು ವಾರ, ಎರಡು ಕೋರ್ಸು, ವಾರಕ್ಕೆ ನಾಲ್ಕು ದಿನ ದಿನವಿಡೀ ಇಂಟರ್ನ್‌ಶಿಪ್. ಕೋರ್ಸುಗಳಿಗೆ 34 ಗಂಟೆ, ಆಫೀಸಿಗೆ 32 ಗಂಟೆ, ಹೋಗಿಬರಲು ದಿನಕ್ಕೆ ಎರಡು ಗಂಟೆಯಂತೆ ಐದು ದಿನಕ್ಕೆ 10 ಗಂಟೆ. ಒಟ್ಟು 76. ವಾರದ ಏಳೂ ದಿನ ರಜೆಯಿಲ್ಲದೆ ದುಡಿದರೆ ದಿನಕ್ಕೆ ಹತ್ತಿರ ಹತ್ತಿರ 11 ಗಂಟೆ. ಯಾವ ವಿದ್ಯಾರ್ಥಿಯೂ ಇದನ್ನು ಮಾಡುವುದಿಲ್ಲ, ಮಾಡಲೂ ಬಾರದು. ಅವನು ಏನನ್ನಾದರೂ ಬಿಡುತ್ತಾನೆ. ಆಫೀಸಿನಲ್ಲಿ ಮೇಲಿನವರು ನೋಡುತ್ತಿರುತ್ತಾರೆ, ತರಗತಿಯಲ್ಲಿ ಹಾಜರಾತಿ ಇದೆ. ಹಾಗಾಗಿ ಬಿಟ್ಟುಹೋಗುವುದು ಓದು. ಮೂರನೆಯ ವಾರದ ಹೊತ್ತಿಗೆ ಅಧ್ಯಾಪಕರು "ಯಾರೂ ಓದಿಕೊಂಡು ಬರುತ್ತಿಲ್ಲ" ಎನ್ನುತ್ತಾರೆ, ಐದನೆಯ ವಾರಕ್ಕೆ ಸ್ಲೈಡಿನಲ್ಲಿರುವಷ್ಟೇ ಪಾಠವಾಗುತ್ತದೆ. ಇದನ್ನು ಶಿಸ್ತಿನ ಕೊರತೆ ಎಂದು ಬರೆದುಕೊಂಡರೆ ಮುಂದಿನ ವರ್ಷವೂ ಹೀಗೇ ಆಗುತ್ತದೆ. ಕೂಡಿ ಕಳೆಯುವುದರಲ್ಲೇ ತಪ್ಪಿದೆ.

ನಾನು ನಂಬುವ ಲೆಕ್ಕ ಇದು. ಹತ್ತು ವಾರ, ಮೂರು ಕ್ರೆಡಿಟ್ಟಿನ ಒಂದೇ ವಿಷಯ ಕೋರ್ಸು, ಅದರ ಜೊತೆ ಇಂಟರ್ನ್‌ಶಿಪ್ಪಿಗೇ ಅಂಟಿದ ಒಂದು ಸೆಮಿನಾರ್. ಆಫೀಸಿನ ಗಂಟೆಗಳೇ ಸೆಮಿನಾರಿನ ಕ್ರೆಡಿಟ್ಟಿಗೆ ಲೆಕ್ಕವಾಗಬೇಕು. ಕೆಲಸವೂ ಬೇರೆ, ಅದರ ಮೇಲೆ ಇನ್ನೊಂದು ಪೂರ್ತಿ ಕೋರ್ಸೂ ಬೇರೆ ಎಂದು ಹೇರಬಾರದು. ಮೊದಲ ವಾರ ಆಫೀಸೇ ಇಲ್ಲ. ಸೋಮವಾರದಿಂದ ಗುರುವಾರದವರೆಗೆ ದಿನಕ್ಕೆ ಮೂರು ಗಂಟೆಯಂತೆ 12 ಗಂಟೆ ಪಾಠ. ಉಳಿದ 33 ಗಂಟೆಯನ್ನು ಒಂಬತ್ತು ವಾರಕ್ಕೆ ಹಂಚಿದರೆ ವಾರಕ್ಕೆ 3 ಗಂಟೆ 40 ನಿಮಿಷ. ಆಫೀಸು ವಾರಕ್ಕೆ ನಾಲ್ಕು ದಿನ, ದಿನಕ್ಕೆ ಆರು ಗಂಟೆ, ಅಂದರೆ 24. ಒಂಬತ್ತು ವಾರಕ್ಕೆ 216 ಗಂಟೆ. ಕೋರ್ಸಿನ ಓದು ವಾರಕ್ಕೆ 9 ಗಂಟೆ, ಸೆಮಿನಾರ್ ಒಂದೂವರೆ, ಕೆಲಸದ ಡೈರಿ ಬರೆಯಲು ಒಂದೂವರೆ, ಪ್ರಯಾಣ 10. ಎಲ್ಲ ಕೂಡಿದರೆ ಸುಮಾರು 50 ಗಂಟೆ. ಹಗುರವಲ್ಲ, ಆದರೆ ಆರು ದಿನ ದುಡಿದು ಭಾನುವಾರ ನಿದ್ದೆ ಮಾಡಬಹುದಾದ ಲೆಕ್ಕ. ಸಂಸ್ಥೆಗಳು "ಆರು ಗಂಟೆ ಸಾಲದು, ಎಂಟು ಬೇಕು" ಎಂದು ಒತ್ತುತ್ತವೆ. ಇಲ್ಲಿ ಗಟ್ಟಿಯಾಗಿ ನಿಲ್ಲಬೇಕು. ಎಂಟು ಗಂಟೆ ಎಂದು ಒಪ್ಪಿಕೊಂಡ ಕೂಡಲೇ ವಾರಕ್ಕೆ ಎಂಟು ಗಂಟೆ ಹೋಯಿತು, ಅಂದರೆ ಓದಿಗೆ ಇಟ್ಟ ಒಂಬತ್ತು ಗಂಟೆ ಬಹುಪಾಲು ಹೋದಂತೆಯೇ.

ಮೊದಲ ವಾರ ಆಫೀಸು ಬೇಡ ಎನ್ನುವುದಕ್ಕೆ ಎರಡು ಕಾರಣ. ಒಂದು, ಲಾಗಿನ್, ಗುರುತಿನ ಚೀಟಿ, ಗೇಟ್ ಪಾಸ್ ಇವೆಲ್ಲ ತಯಾರಾಗಲು ಸಂಸ್ಥೆಗೆ ಹೇಗೂ ನಾಲ್ಕೈದು ದಿನ ಬೇಕು. ಆ ದಿನಗಳನ್ನು ವಿದ್ಯಾರ್ಥಿ ರಿಸೆಪ್ಷನ್ ಸೋಫಾದ ಮೇಲೆ ಕಳೆಯಬೇಕಾಗಿಲ್ಲ. ಇನ್ನೊಂದು ಹೆಚ್ಚು ಮುಖ್ಯವಾದದ್ದು. ಕೋರ್ಸಿನ ಮೂಲ ಪರಿಕಲ್ಪನೆಗಳು ನಾಲ್ಕಾದರೂ ತಲೆಯಲ್ಲಿದ್ದರೆ ಆಫೀಸಿನ ಮೊದಲ ದಿನದಿಂದಲೇ ಕಣ್ಣಿಗೆ ಏನೋ ಬೀಳಲು ಶುರುವಾಗುತ್ತದೆ. ಹೆಸರು ಗೊತ್ತಿಲ್ಲದ ಗಿಡ ಕಾಡಿನಲ್ಲಿ ಕಾಣಿಸುವುದೇ ಇಲ್ಲ.

ತರಗತಿ ಬುಧವಾರ ಯಾಕೆ

ಕೆಲಸದ ದಿನವೇ ಸಂಜೆ ಆರರಿಂದ ಒಂಬತ್ತು ಪಾಠ ಇಡುವುದು ಸುಲಭದ ದಾರಿ. ಎಲ್ಲರೂ ಸಿಗುತ್ತಾರೆ, ಕೊಠಡಿ ಖಾಲಿ ಇರುತ್ತದೆ. ಆದರೆ ಹಗಲೆಲ್ಲ ಪರದೆ ನೋಡಿ, ಬಸ್ಸಿನಲ್ಲಿ ನಿಂತು ಬಂದವರ ಮುಂದೆ ಏಳೂವರೆಗೆ ಹೊಸ ಪರಿಕಲ್ಪನೆ ಎತ್ತಿ ನೋಡಿ. ಬರೆದುಕೊಳ್ಳುತ್ತಾರೆ, ಒಳಗೆ ಹೋಗುವುದಿಲ್ಲ. ಇನ್ನು ಸಂಸ್ಥೆಗಳು ಕೇಳುವುದು ಶುಕ್ರವಾರ: ಸೋಮವಾರದಿಂದ ಗುರುವಾರದವರೆಗೆ ಸತತ ನಾಲ್ಕು ದಿನ ನಮಗೆ ಕೊಡಿ, ಶುಕ್ರವಾರ ನೀವು ಇಟ್ಟುಕೊಳ್ಳಿ ಎಂದು. ಅವರ ದೃಷ್ಟಿಯಿಂದ ಅದು ಸರಿ. ಆದರೆ ಶುಕ್ರವಾರ ಕಲಿತದ್ದು ಶನಿವಾರ, ಭಾನುವಾರ ದಾಟಿ ಸೋಮವಾರ ಆಫೀಸು ತಲುಪುವಷ್ಟರಲ್ಲಿ ಆರಿಹೋಗಿರುತ್ತದೆ.

ಬುಧವಾರ ಹಾಗಲ್ಲ. ಸೋಮವಾರ, ಮಂಗಳವಾರ ಕಂಡದ್ದನ್ನು ಬಿಸಿಬಿಸಿಯಾಗಿ ತರಗತಿಗೆ ತರುತ್ತಾರೆ, ತರಗತಿಯಲ್ಲಿ ಹುಟ್ಟಿದ ಪ್ರಶ್ನೆಯನ್ನು ಗುರುವಾರ ಬೆಳಗ್ಗೆಯೇ ಆಫೀಸಿನಲ್ಲಿ ಕೇಳಬಹುದು. ಬೆಳಗ್ಗೆ 9ರಿಂದ 12:50, ನಡುವೆ ಹತ್ತು ನಿಮಿಷ ಬಿಡುವು. ಮಧ್ಯಾಹ್ನ 2ರಿಂದ 3:30 ಸೆಮಿನಾರ್. ಬುಧವಾರ ಸರಕಾರಿ ರಜೆ ಬಂದರೆ ಯಾವ ಶನಿವಾರ ಅದನ್ನು ತುಂಬಿಕೊಡಬೇಕು ಎಂಬುದನ್ನು ಕಾರ್ಯಕ್ರಮ ಶುರುವಾಗುವ ಮುಂಚೆಯೇ ಕ್ಯಾಲೆಂಡರಿನಲ್ಲಿ ಬರೆದು ಎಲ್ಲರಿಗೂ ಕೊಟ್ಟಿರಬೇಕು. ನಡುವೆ ಹೇಳಿದರೆ ಅರ್ಧ ಜನ ಊರಿಗೆ ಹೋಗಿರುತ್ತಾರೆ.

ಒಂದು ಉಪಾಯವಿದೆ. ವಾರ ಮುರಿಯುತ್ತದೆ ಎಂದು ಗೊಣಗುವ ಸಂಸ್ಥೆಗೆ ಕೋರ್ಸಿನ ಪಠ್ಯಕ್ರಮವನ್ನು ಮೊದಲೇ ಕಳಿಸಿಕೊಡಿ, ವಾರವಾರದ ವಿಷಯದ ಸಮೇತ. ಅಲ್ಲಿ ವಿದ್ಯಾರ್ಥಿಗೆ ಗೈಡ್ ಆಗುವವರು ಅದನ್ನು ನೋಡಿ "ಐದನೆಯ ವಾರ ಇದು ಬರುತ್ತದಾ? ಹಾಗಾದರೆ ನಮ್ಮ ಆ ಕೆಲಸ ಅದರ ನಂತರ ಕೊಡೋಣ" ಎನ್ನತೊಡಗಿದರೆ ಅರ್ಧ ಬೆಸುಗೆ ಅಲ್ಲೇ ಆಯಿತು.

ಸಂಸ್ಥೆಗಳು, ಮತ್ತು ಒಂದು ಕುರ್ಚಿ

ಬೇಸಿಗೆಯ ಕೆಲಸ ಬೇಸಿಗೆಗೆ ಒಂಬತ್ತು ತಿಂಗಳು ಮುಂಚೆ ಶುರುವಾಗಬೇಕು. ಸಂಸ್ಥೆಗಳ ಜೊತೆ ಮೊದಲ ಮಾತು ಆಗ. ಐದು ತಿಂಗಳು ಇರುವಾಗ ವಿದ್ಯಾರ್ಥಿಗಳ ಅರ್ಜಿ. ಮೂರೂವರೆ, ನಾಲ್ಕು ತಿಂಗಳು ಇರುವಾಗ ಸಂದರ್ಶನ ಮತ್ತು ಜೋಡಣೆ. ಆರು ವಾರ ಇರುವಾಗ ವಿದ್ಯಾರ್ಥಿ, ಸಂಸ್ಥೆಯ ಗೈಡ್, ಕಾಲೇಜಿನ ಗೈಡ್ ಈ ಮೂವರ ಸಹಿಯ ಕಲಿಕಾ ಒಪ್ಪಂದ. 30 ವಿದ್ಯಾರ್ಥಿಗಳಿಗೆ 30 ಜಾಗ ಹುಡುಕಿದರೆ ಸಾಲದು, 38ರಷ್ಟಾದರೂ ಕೈಯಲ್ಲಿರಬೇಕು. ಒಪ್ಪಿಕೊಂಡ ಸಂಸ್ಥೆಯವರು ಮಾತು ತಪ್ಪುವವರು ಎಂದಲ್ಲ. ಒಪ್ಪಿದ ವ್ಯಕ್ತಿ ಬೇರೆ ವಿಭಾಗಕ್ಕೆ ಹೋಗುತ್ತಾರೆ, ಪ್ರಾಜೆಕ್ಟ್ ನಿಂತುಹೋಗುತ್ತದೆ, ಬಜೆಟ್ ಬರುವುದಿಲ್ಲ.

ಸಂಸ್ಥೆಯನ್ನು ಕೇಳಬೇಕಾದ ಪ್ರಶ್ನೆಗಳು ಬಹಳ ಸಣ್ಣವು. ಮೊದಲ ದಿನ ವಿದ್ಯಾರ್ಥಿ ಎಲ್ಲಿ ಕೂರುತ್ತಾನೆ? ಯಾವ ಕಂಪ್ಯೂಟರ್? ಗೈಡ್ ಕೂರುವ ಜಾಗದಿಂದ ಅದು ಎಷ್ಟು ದೂರ? ಗೈಡ್ ಈ ಬೇಸಿಗೆಯಲ್ಲಿ ಎಷ್ಟು ದಿನ ರಜೆ ಹಾಕುತ್ತಾರೆ, ಆಗ ಯಾರು ನೋಡಿಕೊಳ್ಳುತ್ತಾರೆ? ಈ ಕೊನೆಯ ಪ್ರಶ್ನೆ ಕೇಳದೆ ಬಿಡಬೇಡಿ. ವಿದ್ಯಾರ್ಥಿಗಳಿಗೆ ಬೇಸಿಗೆ ಎಂದರೆ ಗೈಡ್‌ಗಳ ಮಕ್ಕಳಿಗೂ ಬೇಸಿಗೆಯೇ. ಎರಡು ವಾರ ಊರಿಗೆ ಹೋದರೆ ಒಂಬತ್ತು ವಾರದ ಇಂಟರ್ನ್‌ಶಿಪ್ಪಿನಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. ಎಲ್ಲಿ ಕೂರುತ್ತಾನೆ ಎಂದು ಕೇಳಿದಾಗ "ನೋಡೋಣ, ಎಲ್ಲಾದರೂ ಅಡ್ಜಸ್ಟ್ ಮಾಡೋಣ" ಎಂಬ ಉತ್ತರ ಬಂದರೆ ಅಲ್ಲಿ ಕೆಲಸವೂ ಹಾಗೇ ಅಡ್ಜಸ್ಟ್ ಆಗುತ್ತದೆ. ಗೈಡ್ ಕಣ್ಣಳತೆಯಲ್ಲಿ ಒಂದು ಕುರ್ಚಿ ಇರುವ ಸಣ್ಣ ಸಂಸ್ಥೆ, ಮೂರನೆಯ ಮಹಡಿಯ ಖಾಲಿ ಕಾನ್ಫರೆನ್ಸ್ ರೂಮಿನಲ್ಲಿ ಕೂರಿಸುವ ದೊಡ್ಡ ಹೆಸರಿನ ಸಂಸ್ಥೆಗಿಂತ ಎಷ್ಟೋ ಮೇಲು. ವಿದ್ಯಾರ್ಥಿಗಳಿಗೆ ಇದನ್ನು ನಂಬಿಸುವುದು ಕಷ್ಟ, ಪೋಷಕರಿಗೆ ಇನ್ನೂ ಕಷ್ಟ. ಆದರೂ ಹೇಳುತ್ತಲೇ ಇರಬೇಕು.

ಕಲಿಕಾ ಒಪ್ಪಂದದಲ್ಲಿ ನಾಲ್ಕೈದು ಗುರಿ ಸಾಕು. "ಸಂವಹನ ಕೌಶಲ ಬೆಳೆಸಿಕೊಳ್ಳುವುದು" ಎಂದು ಬರೆದರೆ ಅದನ್ನು ಯಾರೂ ಅಳೆಯಲಾರರು, ಆಗಲಿಲ್ಲ ಎಂದೂ ಹೇಳಲಾರರು. "ಐದನೆಯ ವಾರದ ಕೊನೆಗೆ, ಬಂದಿರುವ ದೂರುಗಳಲ್ಲಿ 200ನ್ನು ಓದಿ ವಿಂಗಡಿಸಿ, ವಿಂಗಡಣೆಯ ಆಧಾರ ವಿವರಿಸುವ ಎರಡು ಪುಟದ ಟಿಪ್ಪಣಿ ಗೈಡ್‌ಗೆ ಕೊಡುವುದು" ಎಂದು ಬರೆದರೆ ಮೂವರಿಗೂ ಒಂದೇ ಚಿತ್ರ ಸಿಗುತ್ತದೆ. ಗುರಿಗಳಲ್ಲಿ ಒಂದಾದರೂ ಕೋರ್ಸಿನ ನಿರ್ದಿಷ್ಟ ಘಟಕವೊಂದರ ಹೆಸರು ಹಿಡಿದು ಬರೆದಿರಬೇಕು. ಇದರ ಜೊತೆ ಒಂದು ಹೆಚ್ಚುವರಿ ಕೆಲಸದ ಪಟ್ಟಿಯನ್ನೂ ಗೈಡ್‌ರಿಂದ ಬರೆಸಿಕೊಳ್ಳಿ: ಅವಸರವಿಲ್ಲದ, ಆದರೆ ಯಾರಾದರೂ ಮಾಡಿದರೆ ಉಪಯೋಗಕ್ಕೆ ಬರುವ ಮೂರು ಕೆಲಸ. ಇದು ಯಾಕೆ ಎಂಬುದು ಮೂರನೆಯ ವಾರದಲ್ಲಿ ತಿಳಿಯುತ್ತದೆ.

ಅರವತ್ತು ಫಾರಂ

ಅನುಭವವೆಲ್ಲ ಕಲಿಸುವುದಿಲ್ಲ, ಕೆಲವು ಅನುಭವಗಳು ಮುಂದಿನ ಕಲಿಕೆಗೇ ಅಡ್ಡ ಬರುತ್ತವೆ ಎಂದು ಅಮೆರಿಕದ ತತ್ವಜ್ಞಾನಿ ಜಾನ್ ಡ್ಯೂಯಿ 1938ರಲ್ಲೇ ಬರೆದರು. ಶಿಕ್ಷಣ ಚಿಂತಕ ಡೇವಿಡ್ ಕೋಲ್ಬ್ 1984ರಲ್ಲಿ ಇದನ್ನು ನಾಲ್ಕು ಮಜಲಿನ ಚಕ್ರವಾಗಿ ಇಟ್ಟರು: ಅನುಭವಿಸುವುದು, ನಿಂತು ನೋಡುವುದು, ಅದರಿಂದ ಒಂದು ಸಾಮಾನ್ಯ ತಿಳಿವು ಕಟ್ಟುವುದು, ಆ ತಿಳಿವನ್ನು ಮತ್ತೆ ಕೆಲಸದಲ್ಲಿ ಪರೀಕ್ಷಿಸುವುದು. ಇಂಟರ್ನ್‌ಶಿಪ್ಪಿನ ಕುರಿತ ಪ್ರತಿ ಭಾಷಣದಲ್ಲೂ ಈ ಚಕ್ರದ ಚಿತ್ರ ಬರುತ್ತದೆ. ಕಾರ್ಯಕ್ರಮದಲ್ಲಿ ಅದು ತಿರುಗುವ ಜಾಗ ಒಂದೇ, ವಿದ್ಯಾರ್ಥಿಯ ಡೈರಿ. ಅದೂ ಯಾರಾದರೂ ಓದಿ ಬದಿಯಲ್ಲಿ ಏನಾದರೂ ಬರೆದರೆ.

ಸಮೀಕ್ಷೆಗಳನ್ನು ನಡೆಸುವ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತ, ಸಂಶೋಧನಾ ವಿಧಾನಗಳ ಕೋರ್ಸು ಓದುತ್ತಿರುವ ವಿದ್ಯಾರ್ಥಿನಿ ಒಬ್ಬಳ ಡೈರಿಯನ್ನು ಎದುರಿಗೆ ಇಟ್ಟುಕೊಳ್ಳೋಣ. ಆಫೀಸಿನ ಮೊದಲ ವಾರದ ಬರಹ: "ಇವತ್ತು 60 ಫಾರಂ ಎಂಟ್ರಿ ಮಾಡಿದೆ. ಎಲ್ಲರೂ ತುಂಬಾ ಸಹಕಾರ ಕೊಟ್ಟರು. ಬಹಳ ಕಲಿತೆ." ಇಂಥ ಡೈರಿಗೆ 'ನೋಡಿದೆ' ಎಂದು ಸಹಿ ಹಾಕಿ ಕಳಿಸಿದರೆ ಒಂಬತ್ತು ವಾರವೂ ಇದೇ ಮೂರು ವಾಕ್ಯ ಬರುತ್ತದೆ. ಕಾಲೇಜಿನ ಗೈಡ್ ಬದಿಯಲ್ಲಿ ಒಂದೇ ಸಾಲು ಬರೆದರು: "ಯಾವ ಕಾಲಂ ಹೆಚ್ಚು ಖಾಲಿ ಇತ್ತು? ಎಣಿಸಿ ಹೇಳಮ್ಮ." ಮುಂದಿನ ವಾರ ಅವಳು ಎಣಿಸಿ ಬರೆದಳು: ಮನೆಯ ಆದಾಯದ ಕಾಲಂ, 60ರಲ್ಲಿ 22 ಖಾಲಿ. ಬೇಸರದ ಕೆಲಸ ಅಲ್ಲಿಂದ ಕುತೂಹಲದ ಕೆಲಸವಾಯಿತು. ಆ ಬುಧವಾರ ತರಗತಿಯಲ್ಲಿ ಬಿಟ್ಟುಹೋದ ಮಾಹಿತಿಯ ಪಾಠ: ಖಾಲಿ ಬಿದ್ದದ್ದು ಆಕಸ್ಮಿಕವೋ, ಅದಕ್ಕೊಂದು ಕಾರಣವಿದೆಯೋ, ಕಾರಣವಿದ್ದರೆ ಉಳಿದವರ ಸರಾಸರಿ ತೆಗೆದು ತುಂಬುವುದು ಏಕೆ ಮೋಸ ಎಂಬುದು. ಗುರುವಾರ ಅವಳು ಆ 22 ಫಾರಂಗಳನ್ನು ಬೇರೆ ಮಾಡಿ ಯಾರು ಭರ್ತಿ ಮಾಡಿದ್ದು ಎಂದು ನೋಡಿದಳು. ಹೆಚ್ಚಿನವು ಇಬ್ಬರೇ ಕ್ಷೇತ್ರ ಕಾರ್ಯಕರ್ತರವು. ದೂರು ಹೇಳುವ ಬದಲು ಅವರನ್ನೇ ಹೋಗಿ ಕೇಳಿದಳು. ಅವರ ಉತ್ತರ ಸರಳವಾಗಿತ್ತು: ತಾವು ಹೋಗುವ ಹೊತ್ತಿಗೆ ಅಕ್ಕಪಕ್ಕದ ಮನೆಯವರೂ ಬಂದು ಕೂತಿರುತ್ತಾರೆ, ನಾಲ್ಕು ಜನರೆದುರು ಆದಾಯ ಎಷ್ಟು ಎಂದು ಹೇಗೆ ಕೇಳುವುದು?

ಇಲ್ಲಿಗೆ ಚಕ್ರ ಮುಕ್ಕಾಲು ತಿರುಗಿತು. ನಾಲ್ಕನೆಯ ವಾರ ಅವಳು ಸಂಸ್ಥೆಯ ಗೈಡ್‌ಗೆ ಅರ್ಧ ಪುಟದ ಟಿಪ್ಪಣಿ ಕೊಟ್ಟಳು: ಆದಾಯದ ಪ್ರಶ್ನೆಯನ್ನು ಫಾರಂನ ಕೊನೆಗೆ ಹಾಕಿ, ಬಾಯಲ್ಲಿ ಮೊತ್ತ ಹೇಳಿಸುವ ಬದಲು ಆದಾಯದ ಹಂತಗಳನ್ನು ಅಕ್ಷರದ ಗುರುತಿನೊಂದಿಗೆ ಅಚ್ಚು ಹಾಕಿದ ಒಂದು ಕಾರ್ಡ್ ತೋರಿಸಿ ಅಕ್ಷರವನ್ನಷ್ಟೇ ಗುರುತಿಸಲು ಹೇಳಿ. ಕೊನೆಯ ಪ್ರಸ್ತುತಿಯಲ್ಲಿ ಇವಳನ್ನು "ಕೋರ್ಸಿನಲ್ಲಿ ಓದಿದ್ದು ಅಲ್ಲಿ ಕಂಡಿತೇ" ಎಂದು ಯಾರೂ ಕೇಳಬೇಕಾಗುವುದಿಲ್ಲ. ಗಮನಿಸಬೇಕಾದದ್ದು, ಕೆಲಸ ಬದಲಾಗಲಿಲ್ಲ. ಡೇಟಾ ಎಂಟ್ರಿಯೇ ಇತ್ತು, ಎಲ್ಲರೂ ಮೂಗು ಮುರಿಯುವ ಕೆಲಸ. ಬದಲಾದದ್ದು ಬದಿಯಲ್ಲಿ ಬರೆದ ಒಂದು ಸಾಲು ಮತ್ತು ಅದು ಸರಿಯಾದ ವಾರದಲ್ಲಿ ಬಂದದ್ದು.

ಆ ಒಂದು ಸಾಲಿನ ಖರ್ಚನ್ನೂ ಹೇಳಬೇಕು. ಡೈರಿ ಸೋಮವಾರ ರಾತ್ರಿ 9ರೊಳಗೆ ಬರಬೇಕು, ಗೈಡ್ ಮಂಗಳವಾರ ಓದಬೇಕು, ಬುಧವಾರದ ಸೆಮಿನಾರಿನಲ್ಲಿ ಅದು ಮಾತಿಗೆ ಬರಬೇಕು. ಒಂದು ಡೈರಿಗೆ ಕಾಲು ಗಂಟೆ ಎಂದರೂ 15 ಜನಕ್ಕೆ 3 ಗಂಟೆ 45 ನಿಮಿಷ. 15ಕ್ಕಿಂತ ಹೆಚ್ಚು ಜನರನ್ನು ಒಬ್ಬರಿಗೆ ಕೊಟ್ಟರೆ ಡೈರಿಗಳು ಮತ್ತೆ 'ನೋಡಿದೆ'ಗೆ ಇಳಿಯುತ್ತವೆ. ಸೆಮಿನಾರಿನಲ್ಲಿಯೂ ಅಷ್ಟೇ, ಒಂದೂವರೆ ಗಂಟೆಯಲ್ಲಿ 15 ಜನ ತಲಾ ಆರು ನಿಮಿಷ ಮಾತಾಡಬಹುದು, 30 ಜನರಾದರೆ ಧೈರ್ಯವಿರುವ ಎಂಟು ಜನ ಮಾತಾಡುತ್ತಾರೆ. ಹಾಗಾಗಿ 30 ವಿದ್ಯಾರ್ಥಿಗಳ ಕಾರ್ಯಕ್ರಮಕ್ಕೆ ಇಬ್ಬರು ಗೈಡ್ ಬೇಕು, ಇಬ್ಬರಿಗೂ ಇದು ಒಂದು ಪೂರ್ತಿ ಕೋರ್ಸಿನ ಹೊರೆ ಎಂದು ವಿಭಾಗ ಬರಹದಲ್ಲಿ ಒಪ್ಪಬೇಕು. ಬೇಸಿಗೆಯಲ್ಲಿ ಹೇಗೂ ಬಿಡುವಿರುತ್ತದೆ, ನೋಡಿಕೊಳ್ಳಿ ಎಂದು ಕಿರಿಯ ಅಧ್ಯಾಪಕರ ಹೆಗಲಿಗೆ ಹಾಕುವುದು ಅನ್ಯಾಯ. ಅದರ ಫಲವನ್ನು ಉಣ್ಣುವವರು ವಿದ್ಯಾರ್ಥಿಗಳು.

ಡೈರಿಯ ಬಗ್ಗೆ ಇನ್ನೊಂದು ಎಚ್ಚರ. ಆಸ್ಪತ್ರೆ, ವಕೀಲರ ಕಚೇರಿ, ಬ್ಯಾಂಕು, ಶಾಲೆ ಇಂಥ ಕಡೆ ಕೆಲಸ ಮಾಡುವವರು ಡೈರಿಯಲ್ಲಿ ಜನರ ಹೆಸರು, ಕಡತದ ಸಂಖ್ಯೆ, ಸ್ಕ್ರೀನ್‌ಶಾಟ್ ಹಾಕುವಂತಿಲ್ಲ. ಇದನ್ನು ಮೊದಲ ವಾರವೇ ಉದಾಹರಣೆ ಕೊಟ್ಟು ಬಿಡಿಸಿ ಹೇಳಬೇಕು. ಕೊನೆಯ ವರದಿಯನ್ನು ಸಲ್ಲಿಸುವ ಒಂದು ವಾರ ಮುಂಚೆ ಸಂಸ್ಥೆಯ ಗೈಡ್ ಓದಿ, ಹೊರಗೆ ಹೋಗಬಾರದ ವಿವರ ಇದ್ದರೆ ತೆಗೆಸಬಹುದು, ಅಭಿಪ್ರಾಯವನ್ನು ತೆಗೆಸುವಂತಿಲ್ಲ. ಈ ಎರಡರ ನಡುವಿನ ಗೆರೆಯನ್ನು ಒಪ್ಪಂದದಲ್ಲಿಯೇ ಬರೆದಿಡಿ.

ಮೂರನೆಯ ವಾರ

ಆಫೀಸಿನ ಮೂರನೆಯ ವಾರ ಫೋನುಗಳು ಶುರುವಾಗುತ್ತವೆ. "ಮೇಡಂ, ಇಲ್ಲಿ ಕೆಲಸವೇ ಇಲ್ಲ." ಬಹಳ ಸಲ ನಿಜ ಸಂಗತಿ ಹೀಗಿರುತ್ತದೆ: ಗೈಡ್ ಎರಡು ವಾರಕ್ಕೆ ಎಂದು ಯೋಚಿಸಿಟ್ಟ ಕೆಲಸವನ್ನು ಹುಡುಗಿ ಆರು ದಿನದಲ್ಲಿ ಮುಗಿಸಿದ್ದಾಳೆ, ಗೈಡ್ ತಮ್ಮ ಕೆಲಸದಲ್ಲಿ ಮುಳುಗಿದ್ದಾರೆ, ಇವಳಿಗೆ ಕೇಳಲು ಸಂಕೋಚ. ಆಗ ಒಪ್ಪಂದದ ಹಿಂದಿನ ಪುಟದಲ್ಲಿರುವ ಆ ಮೂರು ಹೆಚ್ಚುವರಿ ಕೆಲಸ ಉಪಯೋಗಕ್ಕೆ ಬರುತ್ತದೆ. ಅನುಮತಿ ಕೇಳಲು ಕಾಯದೆ ಶುರು ಮಾಡಬಹುದು ಎಂದು ಅದರಲ್ಲೇ ಬರೆದಿದ್ದರೆ ಅವಳ ಸಂಕೋಚಕ್ಕೂ ದಾರಿಯಾಯಿತು.

ಕಾಲೇಜಿನ ಗೈಡ್ ಸಂಸ್ಥೆಗೆ ಭೇಟಿ ಕೊಡಬೇಕಾದದ್ದು ಈ ವಾರ ಮತ್ತು ಮುಂದಿನ ವಾರ. ಕೊನೆಯ ವಾರ ಹೋದರೆ ಕಾಫಿ ಕುಡಿದು ಬರಬಹುದು, ಏನನ್ನೂ ಸರಿಪಡಿಸಲಾಗುವುದಿಲ್ಲ. ಭೇಟಿ ಒಂದು ಗಂಟೆಯದು: ಇಪ್ಪತ್ತು ನಿಮಿಷ ವಿದ್ಯಾರ್ಥಿಯ ಜೊತೆ ಒಬ್ಬರೇ, ಇಪ್ಪತ್ತು ನಿಮಿಷ ಸಂಸ್ಥೆಯ ಗೈಡ್ ಜೊತೆ ಒಬ್ಬರೇ, ಉಳಿದದ್ದು ಮೂವರೂ. ವಿದ್ಯಾರ್ಥಿಯ ಜೊತೆಗಿನ ಇಪ್ಪತ್ತು ನಿಮಿಷ ಕಟ್ಟಡದ ಹೊರಗೆ ನಡೆಯಲಿ. ಕಿರುಕುಳವಾಗುತ್ತಿದ್ದರೆ, ರಾತ್ರಿಯವರೆಗೆ ಕೂರಿಸುತ್ತಿದ್ದರೆ, ಖಾಸಗಿ ಕೆಲಸಗಳಿಗೆ ಓಡಿಸುತ್ತಿದ್ದರೆ ಒಳಗೆ ಕೂತು ಯಾರೂ ಹೇಳುವುದಿಲ್ಲ. ಜಾಗ ಬದಲಿಸಬೇಕಾದರೆ ಮೂರನೆಯ ವಾರದ ಕೊನೆಯೇ ಗಡಿ. ಆಮೇಲೆ ಹೊಸ ಸಂಸ್ಥೆಯಲ್ಲಿ ಬೇರು ಬಿಡುವಷ್ಟು ಕಾಲ ಉಳಿದಿರುವುದಿಲ್ಲ. ಅಂಥ ವಿದ್ಯಾರ್ಥಿಗೆ ವಿಶ್ವವಿದ್ಯಾಲಯದಲ್ಲೇ ಒಂದು ಪ್ರಾಜೆಕ್ಟ್ ಕೊಟ್ಟು ಉಳಿದ ಗಂಟೆ ತುಂಬಿಸಬೇಕು. ತಪ್ಪು ಅವನದಲ್ಲದಿದ್ದಾಗ ಅವನ ಕ್ರೆಡಿಟ್ ಹೋಗಬಾರದು. ಈ ನಿಯಮ ಕಾರ್ಯಕ್ರಮ ಶುರುವಾಗುವ ಮೊದಲೇ ಇರಬೇಕು. ಸಂಕಟ ಬಂದ ಮೇಲೆ ಮಾಡಿದ ನಿಯಮದ ಮೇಲೆ ಯಾರಿಗೂ ನಂಬಿಕೆ ಇರುವುದಿಲ್ಲ, ನಂಬಿಕೆ ಇಲ್ಲದವರು ಕಿರುಕುಳ ನುಂಗಿಕೊಂಡು ಕೂರುತ್ತಾರೆ.

ಅಂಕ ಮತ್ತು ದುಡ್ಡು

ಸಂಸ್ಥೆಯ ಗೈಡ್ ಕೈಗೆ 50 ಅಂಕ ಕೊಟ್ಟರೆ ಎಲ್ಲರಿಗೂ 48 ಬರುತ್ತದೆ. ಅವರು ಒಳ್ಳೆಯವರು, ಹುಡುಗರ ಮನಸ್ಸು ನೋಯಿಸಲು ಇಷ್ಟವಿಲ್ಲ. ಅವರಿಂದ ಅಂಕ ಕೇಳುವುದಕ್ಕಿಂತ ಐದನೆಯ ಮತ್ತು ಒಂಬತ್ತನೆಯ ವಾರ ಎರಡು ಪುಟದ ಟಿಪ್ಪಣಿ ಕೇಳುವುದು ವಾಸಿ: ಯಾವ ಕೆಲಸ ಕೊಟ್ಟಿರಿ, ಏನು ಮಾಡಿ ಕೊಟ್ಟರು, ಎರಡನೆಯ ಸಲ ಹೇಳದೆ ಮಾಡಿದ್ದು ಯಾವುದು, ಇನ್ನೂ ಹೇಳಿಕೊಡಬೇಕಾಗಿ ಬಂದದ್ದು ಯಾವುದು. ಅಂಕಗಳಲ್ಲಿ ಈ ಟಿಪ್ಪಣಿಗೆ 20, ಡೈರಿ ಮತ್ತು ಸೆಮಿನಾರಿಗೆ 40, ಕೊನೆಯ ವರದಿ ಮತ್ತು ವೈವಾಗೆ 40 ಇಟ್ಟರೆ ಸರಿಹೋಗುತ್ತದೆ. ವರದಿಯ ಮೊದಲ ಹತ್ತು ಪುಟ ಸಂಸ್ಥೆಯ ವೆಬ್‌ಸೈಟಿನಿಂದ ಎತ್ತಿದ ಇತಿಹಾಸ ಬರುವ ಚಾಳಿಯಿದೆ; ಸಂಸ್ಥೆಯ ಪರಿಚಯ ಅರ್ಧ ಪುಟ ಮೀರಬಾರದು ಎಂದು ಹೇಳಿಬಿಡಿ.

ದುಡ್ಡಿನ ಮಾತು ಯಾರಿಗೂ ಇಷ್ಟವಾಗುವುದಿಲ್ಲ, ಆದರೂ ಆಡಲೇಬೇಕು. ಸಂಬಳವಿಲ್ಲದ ಇಂಟರ್ನ್‌ಶಿಪ್ ಮಾಡಿಸಿ, ಅದೇ ಗಂಟೆಗಳಿಗೆ ಕ್ರೆಡಿಟ್ ಶುಲ್ಕವನ್ನೂ ವಿಶ್ವವಿದ್ಯಾಲಯ ಕಟ್ಟಿಸಿಕೊಂಡರೆ ವಿದ್ಯಾರ್ಥಿ ದುಡ್ಡು ಕೊಟ್ಟು ದುಡಿದಂತಾಯಿತು. ಬೇಸಿಗೆಯಲ್ಲಿ ದುಡಿದು ಮುಂದಿನ ವರ್ಷದ ಖರ್ಚು ಹೊಂದಿಸಿಕೊಳ್ಳುವ ಮಕ್ಕಳು ಇಂಥ ಕಾರ್ಯಕ್ರಮಕ್ಕೆ ಅರ್ಜಿಯನ್ನೇ ಹಾಕುವುದಿಲ್ಲ. ಅವರು ಯಾಕೆ ಬರಲಿಲ್ಲ ಎಂದು ಯಾವ ಫೀಡ್‌ಬ್ಯಾಕ್ ಫಾರಂನಲ್ಲೂ ಬರುವುದಿಲ್ಲ. ಅಮೆರಿಕದಲ್ಲಿ ಇದು ಕೋರ್ಟಿನ ಮೆಟ್ಟಿಲು ಹತ್ತಿ, 2015ರಲ್ಲಿ ಎರಡನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಇಂಟರ್ನ್‌ಶಿಪ್ಪಿನಿಂದ ಮುಖ್ಯ ಲಾಭ ಯಾರಿಗೆ ಎಂಬುದನ್ನೇ ಅಳತೆಗೋಲು ಮಾಡಿತು, ಅದನ್ನು ತೂಗಲು ಏಳು ಅಂಶಗಳನ್ನು ಪಟ್ಟಿ ಮಾಡಿತು. 2018ರಲ್ಲಿ ಅಲ್ಲಿನ ಕಾರ್ಮಿಕ ಇಲಾಖೆಯೂ ಆ ಏಳು ಅಂಶಗಳ ಪರೀಕ್ಷೆಯನ್ನು ಒಪ್ಪಿಕೊಂಡಿತು. ಆ ಏಳರಲ್ಲಿ ಒಂದು, ಕೆಲಸ ವಿದ್ಯಾರ್ಥಿಯ ಕೋರ್ಸಿನ ಓದಿಗೆ ಎಷ್ಟು ಬೆಸೆದಿದೆ ಎಂಬುದು. ಇನ್ನೊಂದು, ಸಂಬಳ ಪಡೆಯುವವರ ಜಾಗದಲ್ಲಿ ಇವರನ್ನು ದುಡಿಸುತ್ತಿಲ್ಲ ತಾನೇ ಎಂಬುದು. ಕಾನೂನು ಊರೂರಿಗೆ ಬೇರೆ, ಆದರೆ ಈ ಎರಡು ಪ್ರಶ್ನೆಗಳನ್ನು ಎಲ್ಲಿ ಬೇಕಾದರೂ ಸಂಸ್ಥೆಯ ಮುಂದಿಡಬಹುದು. ಸಂಬಳ ಕೊಡಲಾಗದ ಸಂಸ್ಥೆ ಪ್ರಯಾಣದ ಮತ್ತು ಊಟದ ಖರ್ಚನ್ನಾದರೂ ಕೊಡಲಿ. ವಿಶ್ವವಿದ್ಯಾಲಯ ತನ್ನ ಶುಲ್ಕದಲ್ಲಿ ಒಂದು ಪಾಲನ್ನು ಸ್ಟೈಪೆಂಡ್ ನಿಧಿಗೆ ಎತ್ತಿಡಲಿ. ಕೆಲಸದ ಜಾಗದಲ್ಲಿ ಪೆಟ್ಟಾದರೆ ಯಾರ ವಿಮೆ ಎಂಬುದೂ ಸಹಿ ಹಾಕುವ ಮೊದಲೇ ಬರಹದಲ್ಲಿರಲಿ. ಹೊರದೇಶದ ವಿದ್ಯಾರ್ಥಿಗಳಿದ್ದರೆ ಅವರ ವೀಸಾ ಕೆಲಸಕ್ಕೆ ಅನುಮತಿ ಕೊಡುತ್ತದೆಯೇ, ಯಾವ ತಾರೀಖಿನಿಂದ ಎಂಬುದನ್ನು ಮೊದಲ ದಿನಕ್ಕೆ ಬಹಳ ಮುಂಚೆ ನೋಡಬೇಕು. ಸಂಬಳವಿಲ್ಲ ಎಂದ ಮಾತ್ರಕ್ಕೆ ಅನುಮತಿ ಬೇಡ ಎಂದುಕೊಳ್ಳುವುದು ಅಪಾಯ.

ಕೊನೆಯ ವಾರ, ಮತ್ತು ಕಡತ

ಹತ್ತನೆಯ ವಾರಕ್ಕೆ ಹೊಸ ಕೆಲಸ ಬೇಡ. ಮಾಡಿದ್ದನ್ನು ಮುಂದಿನವರಿಗೆ ಒಪ್ಪಿಸುವ ವಾರ ಅದು: ಯಾವ ಫೈಲು ಎಲ್ಲಿದೆ, ಎಲ್ಲಿಯವರೆಗೆ ಬಂದಿದೆ, ಯಾವುದು ಅರ್ಧಕ್ಕೆ ನಿಂತಿದೆ ಎಂದು ಒಂದು ಪುಟ. ಪ್ರಸ್ತುತಿ ಬುಧವಾರವೇ ನಡೆಯಲಿ, ಸಂಸ್ಥೆಯ ಗೈಡ್‌ಗಳನ್ನೂ ಕರೆಯಿರಿ. ಸ್ಲೈಡು ಆರಕ್ಕಿಂತ ಹೆಚ್ಚು ಬೇಡ. ಹನ್ನೆರಡು ನಿಮಿಷದಲ್ಲಿ ನಾಲ್ಕು ನಿಮಿಷ ಡೈರಿಯ ಯಾವುದಾದರೂ ಒಂದು ದಿನದ ಬಗ್ಗೆ ಮಾತ್ರ ಇರಲಿ.

ಎಲ್ಲರೂ ಹೋದ ಮೇಲೆ ಪ್ರತಿ ಸಂಸ್ಥೆಗೂ ಒಂದು ಹಾಳೆ ತುಂಬುವ ಕೆಲಸ ಉಳಿಯುತ್ತದೆ. ಅದನ್ನು ಅದೇ ವಾರ ಮಾಡಬೇಕು, ತಿಂಗಳು ಕಳೆದರೆ ಎಲ್ಲ ಸಂಸ್ಥೆಗಳೂ ಒಂದೇ ಥರ ಕಾಣುತ್ತವೆ. ಗೈಡ್ ಯಾರಿದ್ದರು, ವಾರಕ್ಕೆ ನಿಜವಾಗಿ ಎಷ್ಟು ಹೊತ್ತು ಕೊಟ್ಟರು, ಲಾಗಿನ್ ಎಷ್ಟನೆಯ ದಿನ ಸಿಕ್ಕಿತು, ಕೋರ್ಸಿನ ಯಾವ ಘಟಕ ಅಲ್ಲಿ ಕೆಲಸಕ್ಕೆ ಬಂತು, ಮುಂದಿನ ವರ್ಷ ಯಾವ ವಾರದಲ್ಲಿ ಪಾಠ ಮಾಡಿದರೆ ಅವರ ಕೆಲಸಕ್ಕೆ ಹೊಂದುತ್ತದೆ. ಸಮೀಕ್ಷೆಯ ಸಂಸ್ಥೆಯ ಹಾಳೆಯ ಕೊನೆಯ ಸಾಲು ಹೀಗಿರುತ್ತದೆ: ಬಿಟ್ಟುಹೋದ ಮಾಹಿತಿಯ ಪಾಠವನ್ನು ಆಫೀಸಿನ ಎರಡನೆಯ ವಾರಕ್ಕಿಂತ ತಡ ಮಾಡಬೇಡಿ, ಎಂಟ್ರಿ ಕೆಲಸ ನಾಲ್ಕನೆಯ ವಾರಕ್ಕೆ ಮುಗಿದುಹೋಗುತ್ತದೆ.